ನಾಲ್ಕನೇ ಜ್ವರ

ಕುರುಗೋಡಿನ ಬಸ್ ರಸ್ತೆಗೆ ಮುಖ ಮಾಡಿದ್ದ ಆ ಮನೆಯಲ್ಲಿ ಜ್ವರ ಎಂಬ ಮಾತಿಗೆ ಎರಡು ಅರ್ಥ ಬಂದದ್ದು ಎಂಬತ್ತನೇ ಇಸವಿಯ ಸಂಕ್ರಾಂತಿ ಕಳೆದ ಮೇಲೆ. ಅಲ್ಲಿಯವರೆಗೆ ಜ್ವರವೆಂದರೆ ಎಲ್ಲರ ಮನೆಯ ಹಾಗೆ ಅಲ್ಲಿಯೂ ಮನುಷ್ಯರ ಜ್ವರವೇ. ಗಂಜಿ ಕಾಯಿಸಬೇಕು, ಕಂಬಳಿ ಹೊದಿಸಬೇಕು, ಹೆಚ್ಚಾದರೆ ಬಳ್ಳಾರಿಗೆ ಒಯ್ಯಬೇಕು. ರೇಷ್ಮೆ ಹುಳ ಮನೆಯೊಳಗೆ ಬಂದ ಮೇಲೆ ಎರಡನೆಯ ಅರ್ಥವೂ ಅದರ ಜೊತೆಗೇ ಬಂತು. ಹುಳ ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಒಂದು ದಿನ ಅಲುಗಾಡದೆ ಕೂತು, ಹಳೆಯ ಚರ್ಮ ಕಳಚಿ ಏಳುತ್ತದಲ್ಲ, ಅದಕ್ಕೂ ಸಾಕುವವರು ಜ್ವರ ಎಂದೇ ಅನ್ನುತ್ತಾರೆ. ಮೊಟ್ಟೆಯಿಂದ ಗೂಡಿನವರೆಗೆ ಒಂದು ಹುಳಕ್ಕೆ ನಾಲ್ಕು ಜ್ವರ. ಆಗ ಅದನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು, ತಾನಾಗಿಯೇ ಏಳುತ್ತದೆ. ಈ ಎರಡು ಅರ್ಥಗಳ ನಡುವೆ ಸಿಕ್ಕ ಕೊಟ್ರಬಸಮ್ಮನ ಮಗಳು, ಎರಡೂವರೆ ವರ್ಷದ ಜಂಬಮ್ಮ, ಏನಾದಳು ಎಂಬುದನ್ನು ಹೇಳಬೇಕಾಗಿದೆ. ಸುತ್ತಿ ಬಳಸಿ ಹೇಳಿದರೆ ಸಂಕಟ ಕಡಿಮೆಯಾಗುವುದಿಲ್ಲ.

ಎಲ್ಲ ಶುರುವಾದದ್ದು ಕಡ್ಡಿಯಿಂದ. ಹಿಂದಿನ ಆಷಾಢದಲ್ಲಿ ಕೊಟ್ರಬಸಮ್ಮ ಮಗುವನ್ನು ಕಟ್ಟಿಕೊಂಡು ಸಿರುಗುಪ್ಪದ ತವರಿಗೆ ಹೋಗಿದ್ದಳು. ಅಲ್ಲಿ ಅವಳ ಅಣ್ಣ ವಿರೂಪಾಕ್ಷಪ್ಪ ಮನೆಯ ಹಿಂದೆ ಹೈಬ್ರೀಡ್ ಹಿಪ್ಪುನೇರಳೆ ಹಾಕಿದ್ದ. ಒಂದೊಂದು ಎಲೆ ಅಂಗೈಗಿಂತ ಅಗಲ. ಆ ಕಡ್ಡಿ ಅವನೂ ಕೊಂಡು ತಂದದ್ದಲ್ಲ, ಇನ್ನೊಬ್ಬರು ಕೊಟ್ಟದ್ದು. ತೆಗೆದುಕೊಂಡವರು ವರ್ಷ ತಿರುಗುವುದರೊಳಗೆ ಮತ್ತೆರಡು ಮನೆಗೆ ಪುಕ್ಕಟೆ ಕೊಡಬೇಕು, ಅದೇ ಕರಾರು. ಅಣ್ಣ ಗೇಣುದ್ದದ, ಮೂರು ಮೂರು ಚಿಗುರುಗಣ್ಣಿನ ಕಡ್ಡಿಗಳನ್ನು ಕತ್ತರಿಸಿ ಒದ್ದೆ ಗೋಣಿಚೀಲಗಳಲ್ಲಿ ಸುತ್ತಿಕೊಟ್ಟ. ಎರಡು ತಿಂಗಳಿಗೊಂದು ಬೆಳೆ ಬರುತ್ತದೆ, ಹೀಗಿರುವಾಗ ನಿನ್ನ ಗಂಡ ಬಳ್ಳಾರಿಯಲ್ಲಿ ಯಾಕೆ ಬಿದ್ದಿರಬೇಕು ಎಂದೂ ಕೇಳಿದ.

ಆ ಮಾತು ಅವಳ ಎದೆಗೆ ನಾಟಿತು. ಅವಳ ಗಂಡ ಗಾದಿಲಿಂಗಪ್ಪ ಬಳ್ಳಾರಿಯ ಒಂದು ಸಿದ್ಧ ಉಡುಪಿನ ಕಾರಖಾನೆಯಲ್ಲಿ ಕಟಿಂಗ್ ಮಾಸ್ತರ. ಗಾಂಧಿನಗರದಲ್ಲಿ ಇನ್ನಿಬ್ಬರ ಜೊತೆ ಒಂದು ಕೋಣೆ ಹಿಡಿದಿದ್ದ. ಶನಿವಾರ ಸಂಜೆ ಬಂದರೆ ಸೋಮವಾರ ಬೆಳಗಿನ ಬಸ್ಸಿಗೆ ವಾಪಸ್. ಮದುವೆಯಾಗಿ ಆರು ವರ್ಷ ಆಗಿತ್ತು, ಅವಳ ಪಾಲಿಗೆ ಸಿಕ್ಕದ್ದು ಬರೀ ಭಾನುವಾರಗಳು. ಮಗು ಅಪ್ಪನನ್ನು ಕಂಡರೆ ಮೊದಲ ಅರ್ಧ ತಾಸು ಸೆರಗಿನ ಹಿಂದೆ ಅವಿತುಕೊಳ್ಳುತ್ತಿತ್ತು. ಅವನು ಮನೆಯಲ್ಲಿರಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಗೋಣಿಚೀಲ ಇಳಿಸಿದ ಸೊಸೆಯನ್ನು ಕಟ್ಟೆಯ ಮೇಲೆ ಕೂತಿದ್ದ ಅತ್ತೆ ವೀರಭದ್ರಮ್ಮ ಮೇಲಿನಿಂದ ಕೆಳಗೆ ನೋಡಿದಳು.

"ತವರಿಂದ ಮಂದಿ ಸೀರಿ ಕುಪ್ಪಸ ತರ್ತಾರ. ನಮ್ಮಾಕಿ ಒಲಿಗೆ ಕಟಗಿ ಹೊತ್ಕೊಂಡು ಬಂದಾಳ."

ಹಿತ್ತಲ ಹತ್ತು ಗುಂಟೆ ಅತ್ತೆಯ ಸಾಮ್ರಾಜ್ಯ. ಅಲ್ಲಿ ಬೆಳೆಯುವ ಮೆಣಸಿನಕಾಯಿಯ ಮೇಲೆ ಗಂಡುಮಕ್ಕಳಿಗೂ ಅಧಿಕಾರ ಇರಲಿಲ್ಲ. ನಾಲ್ಕು ದಿನ ಮಾತಿಗೆ ಮಾತು ನಡೆದು, ಅಡಿಗೆ ಮನೆಯಲ್ಲಿ ಪಾತ್ರೆಗಳು ಬೇಕಾದ್ದಕ್ಕಿಂತ ಹೆಚ್ಚು ಸದ್ದು ಮಾಡಿ, ಕೊನೆಗೆ ಮುದುಕಿ ಒಪ್ಪಿದಳು. ಒಂದೇ ಬೆಳೆ. ಗೂಡು ಸರಿಯಾಗಿ ಬರಲಿಲ್ಲವೋ, ಗಿಡ ಕಿತ್ತು ಮತ್ತೆ ಮೆಣಸಿನಕಾಯಿ. ಆಮೇಲೆ ಹುಳ, ರೇಷ್ಮೆ, ಗಂಡನ ನೌಕರಿ ಬಿಡಿಸುವುದು, ಯಾವ ಮಾತೂ ಆ ಮನೆಯಲ್ಲಿ ಏಳಕೂಡದು.

ಕಡ್ಡಿ ಊರಿದ್ದು ಮೈದುನ ಮರಿಬಸಪ್ಪ. ಅವನ ಕೈಯ ಎರಡು ಸಾಲು ಹದಿನೈದು ದಿನವಾದರೂ ಚಿಗುರಲಿಲ್ಲ. ಕೊಟ್ರಬಸಮ್ಮ ಒಂದನ್ನು ಕಿತ್ತು ನೋಡಿದರೆ ಕಣ್ಣುಗಳೆಲ್ಲ ಕೆಳಮುಖ. ಮೈದುನನ ಗಿಡ ಪಾತಾಳದ ಕಡೆ ಬೆಳೆಯುತ್ತಿದೆ ಎಂದು ಅವಳು ವಾರವಿಡೀ ಅವನನ್ನು ಗೋಳು ಹೊಯ್ದುಕೊಂಡಳು. ಉಳಿದಿದ್ದ ಕಡ್ಡಿ ತಂದು ಸಾಲು ತುಂಬಿಸಿದಳು. ದಸರಾಕ್ಕೆ ಗಿಡ ಮೊಣಕಾಲುದ್ದ, ಸಂಕ್ರಾಂತಿಗೆ ಎದೆಯುದ್ದ. ಅಲ್ಲೊಂದು ಇಲ್ಲೊಂದು ಹಣ್ಣೂ ಬಿಟ್ಟು ಜಂಬಮ್ಮನ ಬಾಯಿ, ಲಂಗ ಎಲ್ಲ ನೇರಳೆ ಬಣ್ಣ. ಪಾತ್ರೆ ತೊಳೆದ ಬಾನಿಯ ನೀರನ್ನು ಯಾರೋ ದಿನಾ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಯಾರು ಎಂದು ಕೇಳಿದರೆ ವೀರಭದ್ರಮ್ಮ ಬೇರೆ ಕಡೆ ಮುಖ ಮಾಡುತ್ತಿದ್ದಳು.

ಜನವರಿಯ ಕೊನೆಗೆ ವಿರೂಪಾಕ್ಷಪ್ಪ ಮೊಟ್ಟೆ ತಂದುಕೊಟ್ಟ. ಪಡಸಾಲೆಯಲ್ಲಿ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಏರಿದವು. ಹುಳಕ್ಕೆ ಘಾಟು ಆಗದೆಂದು ಒಲೆಯ ಮೇಲೆ ಒಗ್ಗರಣೆ ನಿಂತಿತು. ದೇವರ ಮುಂದೆ ಊದುಬತ್ತಿಯೂ ನಿಂತಿತು. ಅದನ್ನು ವೀರಭದ್ರಮ್ಮ ಹೇಗೋ ಸಹಿಸಿದಳು. ಜೀವ ಕೊಲ್ಲುವ ಬೆಳೆ ಲಿಂಗ ಕಟ್ಟಿದವರ ಮನೆಗೆ ಬೇಕೇ ಎಂದು ಎರಡು ದಿನ ಗೊಣಗಿ, ಮೂರನೆಯ ದಿನ ತಾನೇ ದಾರಿ ಕಂಡುಕೊಂಡಳು: ಕೊಲ್ಲುವವರು ಗೂಡು ಕೊಂಡವರು, ನಾವು ಉಣ್ಣಿಸಿ ಬೆಳೆಸುವವರು. ಸಹಿಸದವನು ಮರಿಬಸಪ್ಪ. ಮೂರು ಹೊತ್ತೂ ಒಗ್ಗರಣೆ ಇಲ್ಲದ ಬೇಳೆ, ಜೋಳದ ರೊಟ್ಟಿ, ಮೊಸರು. ಒಂದು ಮಧ್ಯಾಹ್ನ ತಟ್ಟೆ ಸರಿಸಿ ಎದ್ದೇಬಿಟ್ಟ.

"ಇದು ಹುಳದ ಮನಿ. ನಾವು ಬಾಡಿಗಿ ಅದೀವಿ."

"ಹಂಗಾರ ಬಾಡಿಗಿ ಕೊಡು," ಎಂದಳು ವೀರಭದ್ರಮ್ಮ. "ಹುಳಾನರ ಹಾಕಿದ್ದು ತಿಂತಾವ. ನೀ ಹೆಸರಿಡತಿ."

ಕೊಟ್ರಬಸಮ್ಮನಿಗೆ ನಗು ಬಂತು, ತಡೆದುಕೊಂಡಳು. ಅತ್ತೆ ತನ್ನ ಕಡೆ ಮಾತಾಡಿದ್ದು ಅದೇ ಮೊದಲು.

ಗಾದಿಲಿಂಗಪ್ಪನಿಗಂತೂ ಹುಳದ ಹುಚ್ಚು ಹಿಡಿದಿತ್ತು. ಮನೆಗೆ ಬಂದರೆ ತಟ್ಟೆಗಳ ಮುಂದೆ ಕೂರುತ್ತಿದ್ದ. ಸೋಮವಾರ ಬಸ್ಸಿನಲ್ಲಿ ಕಂಡಕ್ಟರ್ ಉಚ್ಚಂಗೆಪ್ಪನಿಗೆ ಬಳ್ಳಾರಿ ಬರುವವರೆಗೂ ಅದೇ ಪುರಾಣ: ಮೊದಲ ಜ್ವರ ಬಂತು, ಎರಡನೆಯದು ಆಯಿತು, ಮೂರನೆಯದು ಸುಸೂತ್ರ. ನಾಲ್ಕನೆಯ ಜ್ವರ ದಾಟಿದರೆ ಗೆದ್ದ ಹಾಗೆ, ಆಮೇಲೆ ಎಂಟು ದಿನಕ್ಕೆ ಗೂಡು. ಮೂರನೆಯದು ಮುಗಿದ ಮೇಲಿನ ಭಾನುವಾರ ಹೆಂಡತಿಗೆ ಹೇಳಿಟ್ಟಿದ್ದ, ನಾಲ್ಕನೆಯದು ಬಂದ ಕೂಡಲೇ ಉಚ್ಚಂಗೆಪ್ಪನ ಕೈಲಿ ಹೇಳಿಕಳಿಸು ಎಂದು. ಹುಳ ಗೂಡು ಕಟ್ಟುವುದಕ್ಕೆ ಚಂದ್ರಿಕೆ ಎಂಬ ಬಿದಿರಿನ ದೊಡ್ಡ ಚಾಪೆ ಬೇಕು. ಅವನ್ನು ಬಾಡಿಗೆಗೆ ಹುಡುಕಿ ತಾನು ತರುತ್ತೇನೆ ಎಂದ. ಈ ಬೆಳೆ ಕೈಗೆ ಬಂದರೆ ಯುಗಾದಿಗೆ ಕತ್ತರಿ ಕೆಳಗಿಡುತ್ತೇನೆ ಎಂದೂ ಹೇಳಿದ. ಕೊಟ್ರಬಸಮ್ಮ ಆ ಮಾತನ್ನು ಯಾರಿಗೂ ಹೇಳದೆ ಬಚ್ಚಿಟ್ಟುಕೊಂಡಳು.

ಸೋಮವಾರ ಅವನು ಹೋದ. ಸಂಜೆಗೆ ಜಂಬಮ್ಮನ ಮೈ ಬಿಸಿಯಾಯಿತು. ಮಂಗಳವಾರ ಬೆಳಗ್ಗೆ ಮಗು ಕಣ್ಣು ತೆರೆಯಲು ಒಲ್ಲದು, ಕುತ್ತಿಗೆ ಮುಟ್ಟಿದರೆ ಅಳು. ವೀರಭದ್ರಮ್ಮ ಹಣೆಗೆ ವಿಭೂತಿ ಹಚ್ಚಿ, ಅಂಗಡಿಯಿಂದ ಒಂದು ಗುಳಿಗೆ ತರಿಸಿ, ಅರ್ಧ ಮುರಿದು ಜೇನಿನಲ್ಲಿ ಕಲಸಿ ನೆಕ್ಕಿಸಿದಳು. ಮರಿಬಸಪ್ಪ ಹೆಣ್ಣು ನೋಡಲು ರೂಪನಗುಡಿಗೆ ಹೋಗಿದ್ದ, ಬರುವುದು ಗುರುವಾರ. ಮನೆಯಲ್ಲಿ ಇಬ್ಬರೇ ಹೆಂಗಸರು. ಅದೇ ಬೆಳಗ್ಗೆ ತಟ್ಟೆಗಳಲ್ಲಿ ಹುಳಗಳೂ ತಲೆ ಎತ್ತಿ ಕೂತಿದ್ದವು. ನಾಲ್ಕನೇ ಜ್ವರ.

ಬಳ್ಳಾರಿ ಬಸ್ಸು ಬಂದಾಗ ಕೊಟ್ರಬಸಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡೇ ಓಡಿದಳು. ಬಸ್ಸು ತುಂಬಿತ್ತು. ಉಚ್ಚಂಗೆಪ್ಪ ಹಿಂದಿನ ಬಾಗಿಲಲ್ಲಿ ಒಂದು ಕಾಲು ಊರಿ ನೇತಾಡುತ್ತಿದ್ದ.

"ಸಣ್ಣಾಕಿಗೆ ಜ್ವರ ಬಂದಾವ, ಲಗೂನ ಬರ್ರಿ ಅಂತ ಹೇಳಪ ಅವರಿಗೆ."

ಅವನು ಹೂಂ ಎಂದು ಸೀಟಿ ಊದಿದ. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಕೇಳಿದ್ದು ಎಷ್ಟೋ, ಬಳ್ಳಾರಿ ಮುಟ್ಟುವುದರೊಳಗೆ ನೆನಪಿನಲ್ಲಿ ಉಳಿದದ್ದು ಎಷ್ಟೋ. ಆ ಮನೆಯ ಜ್ವರದ ಸುದ್ದಿ ಮೂರು ವಾರದಿಂದ ಕೇಳಿ ಕೇಳಿ ಅವನಿಗೂ ಅದು ಹುಳದ್ದೇ ಆಗಿಹೋಗಿತ್ತು. ಕಾರಖಾನೆಯ ಗೇಟಿನಲ್ಲಿ ಅವನು ಹೇಳಿದ್ದು, ಮನೆಯಲ್ಲಿ ಜ್ವರ ಬಂದಿದೆಯಂತೆ, ಬೇಗ ಬರಬೇಕಂತೆ ಎಂದಷ್ಟೇ. ಸಣ್ಣಾಕಿಗೆ ಎಂಬ ಒಂದೇ ಒಂದು ಮಾತು ಬಿಟ್ಟುಹೋಯಿತು.

ಸಂಜೆ ಅದೇ ಬಸ್ಸು ವಾಪಸ್ ಬಂತು. ವೀರಭದ್ರಮ್ಮ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೊಟ್ರಬಸಮ್ಮ ಬಾಗಿಲಲ್ಲಿ ನಿಂತಿದ್ದಳು. ಗಂಡ ಇಳಿಯುತ್ತಾನೆಂದು ಅವಳು ನೋಡುತ್ತಿದ್ದರೆ ಇಳಿದವನು ಉಚ್ಚಂಗೆಪ್ಪ, ಅದೂ ನಗುನಗುತ್ತ.

"ಮುಟ್ಟಬ್ಯಾಡ್ರಿ, ತಿನ್ನಾಕ ಏನೂ ಹಾಕಬ್ಯಾಡ್ರಿ, ತಾನ ಏಳತೈತಿ ಅಂತ ಹೇಳ್ಯಾರವ್ವ. ಬೇಸ್ತವಾರ ಚಂದ್ರಿಕಿ ತಗೊಂಡು ಬರ್ತಾರಂತ."

ಕೊಟ್ರಬಸಮ್ಮನಿಗೆ ಆ ಕ್ಷಣವೇ ಗೊತ್ತಾಯಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಅವಳಿಗೆ ಗೊತ್ತಾಯಿತು. ಗಂಡ ಹೇಳಿದ್ದು ಹುಳಕ್ಕೆ, ಮಗುವಿಗಲ್ಲ. ಬಾಯಿ ತೆರೆದಳು. ಉಚ್ಚಂಗೆಪ್ಪ ಇನ್ನೂ ಅಲ್ಲೇ ಇದ್ದ, ತಾಂಬೂಲ ಉಗುಳಿ ಮತ್ತೆ ಬಸ್ಸು ಹತ್ತುವುದರಲ್ಲಿದ್ದ. ಒಂದು ಮಾತು ಸಾಕಾಗಿತ್ತು. ಬೆಳಗಿನ ಬಸ್ಸಿಗೆ ತಾನೇ ಮಗುವನ್ನು ಎತ್ತಿಕೊಂಡು ಹೊರಡುತ್ತೇನೆ, ಮನೆಯ ಮುಂದೆ ಬಸ್ಸು ನಿಲ್ಲಿಸು ಅಂದರೆ ಮುಗಿಯುತ್ತಿತ್ತು. ಆದರೆ ಬೆಳಗ್ಗೆ ಹುಳ ಏಳುತ್ತವೆ. ಎದ್ದ ಹುಳಕ್ಕೆ ಹೊತ್ತಿಗೆ ಸರಿಯಾಗಿ ಸೊಪ್ಪು ಬೀಳದಿದ್ದರೆ ಬೆಳೆ ಹೋಯಿತು. ಅತ್ತೆಗೆ ಸೊಪ್ಪಿನ ಹದ ಗೊತ್ತಿಲ್ಲ. ಬೆಳೆ ಹೋದರೆ ಗಿಡ ಹೋಯಿತು, ಗಿಡದ ಜೊತೆಗೆ ಯುಗಾದಿಯ ಮಾತೂ ಹೋಯಿತು. ಮಗುವಿನ ಜ್ವರ ನಾಳೆಗೆ ಇಳಿಯಬಹುದು. ಮಕ್ಕಳಿಗೆ ಜ್ವರ ಬರುವುದೇನು ಹೊಸದೇ? ಇನ್ನೊಂದು ದಿನ ನೋಡೋಣ. ಹೀಗೆ ಅಂದುಕೊಳ್ಳುವಷ್ಟರಲ್ಲಿ ಬಸ್ಸು ಹೊರಟುಹೋಗಿತ್ತು. ವೀರಭದ್ರಮ್ಮ ಮೊರದಿಂದ ತಲೆ ಎತ್ತಲಿಲ್ಲ, ಹಾಲು ಉಕ್ಕೀತು ನೋಡು ಎಂದಳು.

ಬುಧವಾರ ಬೆಳಗ್ಗೆ ಕೊಟ್ರಬಸಮ್ಮ ಹಿತ್ತಲಲ್ಲಿ ಸೊಪ್ಪು ಕೊಯ್ಯುತ್ತಿದ್ದಾಗ ರಸ್ತೆಯಲ್ಲಿ ಬಸ್ಸಿನ ಹಾರ್ನ್ ಎರಡು ಸಲ ಕೇಳಿಸಿತು. ಅವಳು ಕೈ ನಿಲ್ಲಿಸಲಿಲ್ಲ. ಪಡಸಾಲೆಯಲ್ಲಿ ಹುಳ ಎದ್ದಿದ್ದವು. ಬಿಳುಪಾಗಿ, ದಪ್ಪವಾಗಿ, ಒಂದೂ ಸತ್ತಿರಲಿಲ್ಲ. ಸೊಪ್ಪು ಹಾಕಿದ್ದೇ ತಡ, ತಿನ್ನುವ ಸದ್ದು ಮನೆ ತುಂಬಿತು. ಸಂಜೆಗೆ ಜಂಬಮ್ಮನ ಮೈಯೂ ತಣ್ಣಗಾಯಿತು. ತಾಯಿ ನಿಜವಾಗಿಯೂ ಖುಷಿಪಟ್ಟಳು, ದೇವರಿಗೆ ಒಂದು ಕಾಯಿ ಒಡೆಸುತ್ತೇನೆಂದು ಹೇಳಿಕೊಂಡಳು.

ಗುರುವಾರ ಬೆಳಗ್ಗೆ ಮಗುವನ್ನು ಹಾಸಿಗೆಯಿಂದ ಎತ್ತಿ ನೆಲಕ್ಕೆ ಬಿಟ್ಟರೆ ಅದು ನಿಲ್ಲಲಿಲ್ಲ. ಬಲಗಾಲು ಮಡಚಿಕೊಂಡು ಕುಸಿಯಿತು. ಆಟವಿರಬೇಕೆಂದು ತಾಯಿ ಮತ್ತೆ ನಿಲ್ಲಿಸಿದಳು. ಮತ್ತೆ ಕುಸಿಯಿತು. ಅಂಗಾಲಿಗೆ ಕಚಗುಳಿ ಇಟ್ಟಳು, ಚಿವುಟಿದಳು. ಮಗು ಅತ್ತಿತು, ಕಾಲು ಮಾತ್ರ ಎಳೆದುಕೊಳ್ಳಲಿಲ್ಲ. ಕೊಟ್ರಬಸಮ್ಮ ಆ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಉಜ್ಜುತ್ತ ಕೂತಳು. ಮಧ್ಯಾಹ್ನ ಗಾದಿಲಿಂಗಪ್ಪ ಬಸ್ಸಿನ ಮೇಲಿಂದ ಆರು ಚಂದ್ರಿಕೆ ಇಳಿಸಿ, ಮಗಳಿಗೆಂದು ತಂದ ಮೈಸೂರುಪಾಕಿನ ಪೊಟ್ಟಣ ಹಿಡಿದು ಒಳಗೆ ಬಂದಾಗಲೂ ಅವಳು ಉಜ್ಜುತ್ತಲೇ ಇದ್ದಳು.

ಮುಂದಿನ ಬಸ್ಸಿಗೆ ಕಾಯಲಿಲ್ಲ, ಲಾರಿ ನಿಲ್ಲಿಸಿ ಬಳ್ಳಾರಿಗೆ ಹೋದರು. ದೊಡ್ಡಾಸ್ಪತ್ರೆಯ ಡಾಕ್ಟರು ಮಗುವಿನ ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಗದರಿದರು. ಆಮೇಲೆ ಗಾದಿಲಿಂಗಪ್ಪ ಗೋಡೆಗೆ ಹಣೆ ಚಚ್ಚಿಕೊಳ್ಳುವುದನ್ನು ಕಂಡು, ಇದು ಪೋಲಿಯೊ, ಮೊದಲೇ ಬಂದಿದ್ದರೂ ಇಷ್ಟೇ ಆಗುತ್ತಿತ್ತು ಎಂದರು. ಗಂಡ ಹೆಂಡತಿ ಇಬ್ಬರೂ ಎರಡನೆಯ ಮಾತನ್ನು ನಂಬಲಿಲ್ಲ. ಮೊದಲನೆಯದನ್ನು ಮರೆಯಲಿಲ್ಲ.

ಹದಿನೆಂಟು ದಿನ ಆಸ್ಪತ್ರೆಯ ವರಾಂಡದಲ್ಲಿ ಕಳೆಯಿತು. ಅಷ್ಟರಲ್ಲಿ ಕುರುಗೋಡಿನಲ್ಲಿ ಹುಳ ಬಲಿತು ಹಣ್ಣಾಗಿ ಗೂಡು ಕಟ್ಟಿದ್ದವು. ಸೊಪ್ಪಿನ ಹದ ಗೊತ್ತಿಲ್ಲದ ವೀರಭದ್ರಮ್ಮನೇ ಅವನ್ನು ಉಳಿಸಿದ್ದಳು, ಹೊತ್ತುಹೊತ್ತಿಗೆ ಹಾಕಿ, ಮರಿಬಸಪ್ಪನನ್ನು ಬೈದು ಕೊಯ್ಯಿಸಿ. ಗೂಡು ಗಟ್ಟಿಯಾಗಿದ್ದವು. ವಿರೂಪಾಕ್ಷಪ್ಪ ತನ್ನ ಮಾಲಿನ ಜೊತೆ ಒಯ್ದು ಒಳ್ಳೆಯ ದರಕ್ಕೆ ಮಾರಿ ಬಂದ. ಆ ದುಡ್ಡನ್ನು ಮನೆಯಲ್ಲಿ ಯಾರೂ ಕೈಯಿಂದ ಮುಟ್ಟಲೊಲ್ಲರು. ಅದು ದೇವರ ಗೂಡಿನಲ್ಲಿ ಕಾಗದದ ಪೊಟ್ಟಣದಲ್ಲೇ ಬಿದ್ದಿತ್ತು.

ಗಾದಿಲಿಂಗಪ್ಪ ನೌಕರಿ ಬಿಟ್ಟ. ಯುಗಾದಿಗೆ ಇನ್ನೂ ಹತ್ತು ದಿನ ಇರುವಾಗಲೇ ಬಿಟ್ಟ. ಮಗಳ ಕಾಲಿಗೆ ದಿನಕ್ಕೆ ಮೂರು ಸಲ ಎಣ್ಣೆ ತಿಕ್ಕಬೇಕು, ವಾರಕ್ಕೊಮ್ಮೆ ಬಳ್ಳಾರಿಗೆ ಹೊತ್ತೊಯ್ಯಬೇಕು. ಅದನ್ನು ತಾನೇ ಮಾಡುತ್ತೇನೆ, ಇನ್ನೊಬ್ಬರು ಮಾಡಕೂಡದು ಎಂದು ಹಟ ಹಿಡಿದ. ಕೊಟ್ರಬಸಮ್ಮ ಬೇಡಿದ್ದೇ ಅವಳಿಗೆ ಸಿಕ್ಕಿತ್ತು. ಗಂಡ ಹಗಲೆಲ್ಲ ಮನೆಯಲ್ಲಿದ್ದ. ಊಟಕ್ಕೆ ಕೂತರೆ ಒಂದು ರೊಟ್ಟಿ ಮುರಿದು ಅರ್ಧ ಬಿಟ್ಟು ಏಳುತ್ತಿದ್ದ. ಈಗ ಬೇಳೆಗೆ ಒಗ್ಗರಣೆ ಬೀಳುತ್ತಿತ್ತು, ರುಚಿ ನೋಡುವವರು ಇರಲಿಲ್ಲ.

ತಪ್ಪು ಯಾರದು ಎಂಬ ಜಗಳ ಮಾತ್ರ ದಿನಾ ಆಗುತ್ತಿತ್ತು. ಗಾದಿಲಿಂಗಪ್ಪ ನನ್ನದು ಎನ್ನುತ್ತಿದ್ದ. ಜ್ವರ ಅಂದಾಗ ಯಾರಿಗೆ ಎಂದು ಕೇಳಲಿಲ್ಲವಲ್ಲ, ನಾನು ತಂದೆಯೋ ಹುಳದ ದಲ್ಲಾಳಿಯೋ ಎನ್ನುತ್ತಿದ್ದ. ವೀರಭದ್ರಮ್ಮ ಉಚ್ಚಂಗೆಪ್ಪನದು ಎನ್ನುತ್ತಿದ್ದಳು. ಬಸ್ಸು ಮನೆಯ ಮುಂದೆ ಹಾದಾಗಲೆಲ್ಲ ಕಟ್ಟೆಯ ಮೇಲೆ ಎದ್ದು ನಿಂತು ಶಾಪ ಹಾಕುತ್ತಿದ್ದಳು. ಒಂದು ದಿನ ಗಾದಿಲಿಂಗಪ್ಪ ಹೋಗಿ ಉಚ್ಚಂಗೆಪ್ಪನ ಅಂಗಿಯ ಕಾಲರ್ ಹಿಡಿದ. ಅವನು ಬಿಡಿಸಿಕೊಳ್ಳಲಿಲ್ಲ, ನಿಂತಲ್ಲೇ ಅತ್ತ, ನನಗೂ ಮೂರು ಹೆಣ್ಣುಮಕ್ಕಳು ಅದಾವಣ್ಣ ಎಂದ. ಮುಂದಿನ ವಾರದಿಂದ ಆ ದಾರಿಯ ಬಸ್ಸಿಗೆ ಬೇರೆ ಕಂಡಕ್ಟರ್ ಬಂದ. ಇವೆಲ್ಲ ನಡೆಯುವಾಗ ಕೊಟ್ರಬಸಮ್ಮ ರೊಟ್ಟಿ ಬಡಿಯುತ್ತಿದ್ದಳು, ಕಸ ಗುಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು. ಬಾಯಿ ಬಿಡಲಿಲ್ಲ.

ಮಾರ್ಚಿ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ದೊಡ್ಡಬಸಮ್ಮ ಬಂದು ಕಡ್ಡಿ ಕೇಳಿದಳು. ಹೋದ ವರ್ಷವೇ ಮಾತಾಗಿತ್ತು. ಅವಳಿಗೂ ಬಾವಿಯ ಪಕ್ಕ ಒಂದಿಷ್ಟು ಜಾಗ ಇತ್ತು, ಎರಡು ಹೆಣ್ಣುಮಕ್ಕಳ ಮದುವೆ ಇತ್ತು. ಕೊಟ್ರಬಸಮ್ಮ ಇಲ್ಲವೆನ್ನಲಾರದೆ ಕುಡಗೋಲು ಹಿಡಿದು ಹಿತ್ತಲಿಗೆ ಹೋದಳು. ಬಲಿತ ರೆಂಬೆ ಕಡಿದು, ಗೇಣುದ್ದ ಅಳೆದು, ಕಣ್ಣೆಲ್ಲ ಒಂದೇ ದಿಕ್ಕಿಗೆ ಬರುವಂತೆ ಜೋಡಿಸುತ್ತಿದ್ದಳು. ಗಾದಿಲಿಂಗಪ್ಪ ಹಿಂದಿನಿಂದ ಬಂದವನೇ ಕಟ್ಟನ್ನು ಕಾಲಿನಿಂದ ಚೆಲ್ಲಾಪಿಲ್ಲಿ ಮಾಡಿದ. ಅವನ ಕೈಯಲ್ಲಿ ಗುದ್ದಲಿ ಇತ್ತು.

"ಇನ್ನೊಬ್ಬರ ಮನಿ ಹಾಳು ಮಾಡಬ್ಯಾಡ. ಇದನ್ನ ಬೇರುಸಹಿತ ತೆಗಿತೀನಿ."

ದೊಡ್ಡಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಬೇಲಿ ದಾಟಿ ಹೋದಳು. ಅವನು ಮೊದಲ ಗಿಡದ ಬುಡಕ್ಕೆ ಗುದ್ದಲಿ ಹಾಕಿದ, ಎರಡನೆಯದಕ್ಕೆ ಹಾಕಿದ. ಬೇರು ಆಳಕ್ಕೆ ಇಳಿದಿತ್ತು, ಸುಲಭಕ್ಕೆ ಬರಲಿಲ್ಲ. ನನ್ನ ಕೈಯಿಂದಲೇ ಕೂಸಿನ ಕಾಲು ಹೋಯಿತು, ನನ್ನ ಬಾಯಿಂದಲೇ ಹೋಯಿತು ಎನ್ನುತ್ತ ಏದುಸಿರು ಬಿಡುತ್ತಿದ್ದ. ಆ ಮನುಷ್ಯ ನಲವತ್ತು ದಿನದಲ್ಲಿ ಅರ್ಧಕ್ಕೆ ಇಳಿದಿದ್ದ. ಅವನ ಬೆನ್ನೆಲುಬು ಅಂಗಿಯ ಮೇಲೆ ಎದ್ದು ಕಾಣುವುದನ್ನು ನೋಡಿ ಕೊಟ್ರಬಸಮ್ಮನಿಗೆ ಇನ್ನು ತಾಳಲಾಗಲಿಲ್ಲ.

"ಸಾಕು ಬಿಡ್ರಿ," ಎಂದಳು. "ನಿಮ್ಮ ಬಾಯಿಂದ ಹೋಗಿಲ್ಲ. ನನಗ ಗೊತ್ತಾಗಿತ್ತು."

ಅವನು ತಿರುಗಿದ.

"ಉಚ್ಚಂಗೆಪ್ಪ ಬಂದು ಚಂದ್ರಿಕಿ ಅಂದಾಗನ ಗೊತ್ತಾತು, ನೀವು ಹುಳಕ್ಕ ಹೇಳೀರಿ ಅಂತ. ಅವ ಇನ್ನಾ ಬಾಗಲಾಗ ನಿಂತಿದ್ದ. ನಾ ಹೇಳಲಿಲ್ಲ. ಮರುದಿನ ಬಸ್ಸು ಹಾರ್ನ್ ಹಾಕಿತು, ನಾ ಇಲ್ಲೇ ಸೊಪ್ಪು ಕೊಯ್ಯಾಕತ್ತಿದ್ದೆ. ಹತ್ತಲಿಲ್ಲ. ಹುಳ ಎದ್ದಿದ್ವು. ನೀವು ಮನಿಗೆ ಬರಬೇಕಂತ ಇತ್ತು ನನಗ."

ಗಾದಿಲಿಂಗಪ್ಪ ಗುದ್ದಲಿ ಎತ್ತಿದ ಕೈಯನ್ನು ಹಾಗೇ ಕೆಳಗೆ ಇಳಿಸಿದ. ಹೊಡೆಯಲಿ ಎಂದೇ ಅವಳು ನಿಂತಿದ್ದಳು, ಹೊಡೆದಿದ್ದರೆ ಹಗುರಾಗುತ್ತಿತ್ತು. ಅವನು ಹೊಡೆಯಲಿಲ್ಲ. ಸಾಲಿನ ಅಂಚಿನಲ್ಲಿ ಕುಕ್ಕರಿಸಿದ. ಬೇಲಿಯ ಕಡೆ ನೋಡಿ, ಮೆಲ್ಲಗೆ ಹೇಳಿದ.

"ಇದನ್ನ ಅವ್ವಗ ಹೇಳಬ್ಯಾಡ. ಆಕಿ ನಿನ್ನ ಈ ಮನಿಯಾಗ ಇರಗೊಡಂಗಿಲ್ಲ."

ವೀರಭದ್ರಮ್ಮ ಬಾನಿಯ ನೀರಿನ ಬಕೇಟು ಹಿಡಿದು ಹಿತ್ತಲ ಬಾಗಿಲಲ್ಲೇ ನಿಂತಿದ್ದಳು. ಯಾವಾಗ ಬಂದಳೋ ಇಬ್ಬರೂ ನೋಡಿರಲಿಲ್ಲ. ಬಕೇಟು ಕೆಳಗಿಟ್ಟು, ಚೆಲ್ಲಿದ್ದ ಕಡ್ಡಿಗಳ ನಡುವೆ ಕಾಲಿಡುತ್ತ ಬಂದು, ಮಗನ ಮುಂದೆ ಅಲ್ಲ, ಸೊಸೆಯ ಮುಂದೆ ನಿಂತಳು.

"ನಾನೂ ಕಟ್ಟಿ ಮ್ಯಾಲ ಕುಂತಿದ್ದೆನಲ್ಲೇ," ಎಂದಳು. "ನನಗ ಕಿವಿ ಕೇಳಸಂಗಿಲ್ಲಂತ ತಿಳಕೊಂಡಿಯೇನು? ನನಗೂ ಗೊತ್ತಾಗಿತ್ತು. ಇನ್ನೊಂದು ದಿನ ತಡದರ ಬೆಳಿ ಕೈಗೆ ಬರತೈತಿ ಅಂತ, ನಾನೂ ಬಾಯಿ ಮುಚಗೊಂಡು ಜೋಳ ಹಸನ ಮಾಡಿದೆ."

ಹಿತ್ತಲ ಬಾಗಿಲಿನಿಂದ ಒಳಗಿನ ಪಡಸಾಲೆ ಕಾಣುತ್ತಿತ್ತು. ಅಲ್ಲಿ ಚಾಪೆಯ ಮೇಲೆ ಜಂಬಮ್ಮ ಎದ್ದು ಕೂತಿದ್ದಳು. ಹೊರಗೆ ಎಲ್ಲರೂ ಒಟ್ಟಿಗೆ ಇರುವುದು ಕಂಡು ಅವಳಿಗೂ ಬರಬೇಕೆನಿಸಿತು. ಕೈ ಊರಿ ಮುಂದೆ ಜರುಗಲು ನೋಡಿದಳು, ಕಾಲು ಹಿಂದೆಯೇ ಉಳಿಯಿತು. ಆಗ ಎರಡೂ ಕೈ ಮೇಲೆತ್ತಿ, ಎತ್ತಿಕೋ ಎಂದು ಕೂಗಿದಳು. ಯಾರಿಗೆ ಎಂದು ಹೆಸರು ಹೇಳಲಿಲ್ಲ. ಮತ್ತೊಮ್ಮೆ ಕೂಗಿದಳು. ಮೂವರಲ್ಲಿ ಯಾರೊಬ್ಬರಿಗೂ ಹೋಗಿ ಆ ಮಗುವಿನ ಮುಖ ನೋಡುವ ಧೈರ್ಯ ಬರಲಿಲ್ಲ.